ಉಪಕೇಂದ್ರದ ಹನ್ನೆರಡು ಗುಡ್ಡೆ

ಕುರಿಯ ಮೈಯೊಳಗೆ ಏನು ನಡೆಯುತ್ತದೆ ಎಂಬುದು ಮೂರು ವರ್ಷಗಳ ಹಿಂದಿನವರೆಗೂ ಸರ್ಕಾರಕ್ಕೆ ತಿಳಿದಿರಲಿಲ್ಲ. ಕುರಿಗೆ ತಿಳಿದಿದ್ದಿರಬಹುದು, ಆದರೆ ಅದು ಲಿಖಿತವಾಗಿ ಕೊಟ್ಟಿರಲಿಲ್ಲ. ಈ ಕೊರತೆಯನ್ನು ನೀಗಿಸುವ ಸಲುವಾಗಿ ಹೊಸದುರ್ಗದಲ್ಲಿ ‘ಕುರಿಗಳ ಬೆಳವಣಿಗೆ ಹಾಗೂ ಮೇವಿನ ಅವಧಿಯಲ್ಲಿ ಅಂಗಾಂಶಗಳ ಕಿಣ್ವ ಚಟುವಟಿಕೆ ಅಧ್ಯಯನ ಉಪಕೇಂದ್ರ’ವನ್ನು ಸ್ಥಾಪಿಸಲಾಯಿತು. ಇಷ್ಟು ಹೆಸರು ಫಲಕದಲ್ಲಿ ಹಿಡಿಸದೆ ಹೋದುದರಿಂದ ‘ಕುರಿಗಳ ಬೆಳವಣಿಗೆ ಹಾಗೂ’ ಎಂಬಲ್ಲಿಗೆ ಬರೆದು ನಿಲ್ಲಿಸಲಾಗಿದೆ. ನಾನು ಅಲ್ಲಿನ ದ್ವಿತೀಯ ದರ್ಜೆ ಸಹಾಯಕ, ಹೆಸರು ಮೋಹನ್‌ಕುಮಾರ್. ಈ ಟಿಪ್ಪಣಿಯನ್ನು ಕಡತದ ಮಾಹಿತಿಗಾಗಿ ಬರೆಯುತ್ತಿದ್ದೇನೆ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ, ಯಾಕೆಂದರೆ ದೂರಬೇಕಾದವರಲ್ಲಿ ನಾನೂ ಒಬ್ಬ.

ಕೊಬ್ಬರಿ ಗೋಡೌನಿನ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಮಂಜೂರಾದ ಹುದ್ದೆಗಳು ಹನ್ನೆರಡು. ನಮಗೆಲ್ಲ ಮುಖ್ಯಸ್ಥರು ಡಾಕ್ಟರ್ ಎರ್ರಿಸ್ವಾಮಿ. ಕುರಿಯ ಜಠರದ ಎರಡನೇ ಕೋಣೆಯ ಮೇಲೆ ಪ್ರಬಂಧ ಬರೆದು ಪದವಿ ಪಡೆದವರು. ಉಳಿದ ಮೂರು ಕೋಣೆಗಳ ಬಗ್ಗೆ ಕೇಳಿದರೆ ಸಿಟ್ಟಾಗುತ್ತಾರೆ. ಕಿಣ್ವವೆಂದರೆ ತಿಂದದ್ದನ್ನು ಅರಗಿಸಿ ಮೈಗೆ ಹಿಡಿಸುವ ಪದಾರ್ಥ ಎಂದು ನಮಗೆ ಮೊದಲ ದಿನ ತಿಳಿಸಿಕೊಟ್ಟವಳು ಪ್ರಯೋಗಾಲಯದ ತಂತ್ರಜ್ಞೆ ಬೃಂದಾ. ಸಿರಿಗೆರೆ ಕಡೆಯ ಹುಡುಗಿ, ಮಾಂಸ ಮುಟ್ಟುವವಳಲ್ಲ. ಇಡೀ ಕಚೇರಿಯಲ್ಲಿ ಕುರಿಯ ಬಗ್ಗೆ ಶುದ್ಧ ವೈಜ್ಞಾನಿಕ ಆಸಕ್ತಿ ಇದ್ದದ್ದು ಅವಳೊಬ್ಬಳಿಗೆ ಮಾತ್ರ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಧ್ಯಯನಕ್ಕೆ ಮೂರು ತಿಂಗಳ ಹನ್ನೆರಡು ಮರಿಗಳು ಬೇಕಾಗಿದ್ದವು. ಅವನ್ನು ಮತ್ತೋಡಿನ ಕೆಂಚಕ್ಕ ಕೊಟ್ಟಳು. ಕೆಂಚಕ್ಕನ ಹತ್ತಿರ ಆಗ ನಲವತ್ತೆಂಟು ದೊಡ್ಡ ಕುರಿ, ಹನ್ನೆರಡು ಮರಿ ಇದ್ದವು. ಬೇಸಿಗೆಯಲ್ಲಿ ಹೊಲಕ್ಕೆ ಕುರಿ ಮಂದೆ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಸಂಜೆಯಿಂದ ಬೆಳಗಿನವರೆಗೆ ಖಾಲಿ ಹೊಲದಲ್ಲಿ ಬಲೆ ಕಟ್ಟಿ ಮಂದೆಯನ್ನು ಒಳಗೆ ಬಿಟ್ಟರೆ ಅವುಗಳ ಹಿಕ್ಕೆ, ಉಚ್ಚೆಯಿಂದ ಭೂಮಿಗೆ ಕಸುವು ಬರುತ್ತದೆ. ಹೊಲದವನು ಅದಕ್ಕೆ ಪ್ರತಿಯಾಗಿ ರಾಗಿ ಅಳೆದುಕೊಡುತ್ತಾನೆ. ಆದರೆ ಮತ್ತೋಡಿನ ರೈತರು ಅರವತ್ತು ತಲೆಗಿಂತ ಕಡಿಮೆಯ ಮಂದೆಯನ್ನು ಹೊಲಕ್ಕೆ ಕರೆಯುವುದಿಲ್ಲ, ಮರಿಯನ್ನು ತಲೆ ಎಂದು ಎಣಿಸುವುದೂ ಇಲ್ಲ. ಈ ಹನ್ನೆರಡು ಮರಿ ಬೆಳೆದರೆ ತನ್ನ ಮಂದೆಗೆ ಅರವತ್ತು ತಲೆ ತುಂಬುತ್ತದೆ, ಮುಂದಿನ ಬೇಸಿಗೆಗೆ ಪಕ್ಕದ ಹೊಲದ ನಿಂಗಪ್ಪನೇ ಬಂದು ಕರೆಯುತ್ತಾನೆ ಎಂದು ಅವಳು ಕಾಯುತ್ತಿದ್ದಳು. ಗಂಡ ಹೋದ ಮೇಲೆ ಅವಳು ಒಬ್ಬಳೇ ಕಟ್ಟಿಕೊಂಡು ಬಂದ ಮಂದೆ ಅದು.

ಒಂದು ವರ್ಷ ಸರ್ಕಾರವೇ ಹಿಂಡಿ ಹಾಕಿ ಮೇಯಿಸುತ್ತದೆ, ಆಮೇಲೆ ಮರಳಿಸುತ್ತದೆ ಎಂದು ಡಾಕ್ಟರು ಹೇಳಿದರು. ಕೆಂಚಕ್ಕ ಹೆಬ್ಬೆಟ್ಟು ಒತ್ತಿದಳು. ಕರಾರಿನ ಒಂಬತ್ತನೇ ಕಲಮು ಹೀಗಿತ್ತು: ‘ಅಧ್ಯಯನ ಮುಗಿದ ದಿನದಂದು ಸದರಿ ಪ್ರಾಣಿಗಳನ್ನಾಗಲಿ, ಪ್ರಾಣಿಗಳು ಲಭ್ಯವಿಲ್ಲದ ಪಕ್ಷದಲ್ಲಿ ಅವುಗಳ ಅಂಗಾಂಶಗಳನ್ನಾಗಲಿ, ಅವು ಯಾವ ಸ್ಥಿತಿಯಲ್ಲಿ ಎಲ್ಲೇ ಇರಲಿ, ಮಾಲೀಕರಿಗೆ ಹಿಂತಿರುಗಿಸತಕ್ಕದ್ದು.’ ಇದನ್ನು ಟೈಪು ಮಾಡಿದವನು ನಾನು. ಅವಳಿಗೆ ಕೊನೆಯ ಪದವನ್ನು ಮಾತ್ರ ಗಟ್ಟಿಯಾಗಿ ಓದಿ ಹೇಳಿದವನೂ ನಾನೇ.

ಮರಿಗಳನ್ನು ಮೆಟ್ಟಿಲು ಹತ್ತಿಸಿ ತಾರಸಿಯ ಮೇಲೆ ಕಟ್ಟಲಾಯಿತು. ನಿಯಮದಂತೆ ಆರು ಮರಿಗಳಿಗೆ ಹಿಂಡಿ, ಮುಸುಕಿನ ಜೋಳ. ಉಳಿದ ಆರಕ್ಕೆ ಬರೀ ಒಣಹುಲ್ಲು. ಎರಡು ಗುಂಪುಗಳ ಕಿಣ್ವಗಳನ್ನು ಹೋಲಿಸುವುದೇ ಅಧ್ಯಯನದ ಉದ್ದೇಶವಾಗಿತ್ತು. ತಿಂಗಳಿಗೊಂದರಂತೆ ಕುರಿಯನ್ನು ಕುಯ್ದು ಅಂಗಾಂಶದ ಮಾದರಿ ತೆಗೆಯಬೇಕೆಂದು ಕೈಪಿಡಿಯಲ್ಲಿ ಬರೆದಿತ್ತು. ಈ ಭಾಗವನ್ನು ಕೆಂಚಕ್ಕನಿಗೆ ಯಾರೂ ಓದಿ ಹೇಳಿರಲಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿದ್ದುದು ನಮಗೆಲ್ಲ ಬಹಳ ಅನುಕೂಲವಾಯಿತು.

ಮಾದರಿ ತೆಗೆಯುವ ದಿನವನ್ನು ಗೊತ್ತುಮಾಡಲು ಒಂದು ಸಮಿತಿ ರಚನೆಯಾಯಿತು. ಸೋಮವಾರ ಕೆಲವರಿಗೆ ಆಗುವುದಿಲ್ಲ, ಗುರುವಾರ ಕೆಲವರಿಗೆ, ಶನಿವಾರ ಯಾರಿಗೂ ಆಗುವುದಿಲ್ಲ. ಸಮಿತಿ ಮೂರು ಸಭೆ ನಡೆಸಿ ಭಾನುವಾರವೇ ವೈಜ್ಞಾನಿಕವಾಗಿ ಸೂಕ್ತವೆಂದು ತೀರ್ಮಾನಿಸಿತು. ಶ್ರಾವಣ ಮಾಸದಲ್ಲಿ ಕುರಿಗಳ ಕಿಣ್ವಗಳು ಚಟುವಟಿಕೆಯಿಂದ ಇರುವುದಿಲ್ಲವೆಂದೂ, ಆ ತಿಂಗಳ ಮಾದರಿಯನ್ನು ಯುಗಾದಿಯ ಮರುದಿನದ ಹೊಸತೊಡಕಿಗೆ ಮುಂದೂಡತಕ್ಕದ್ದೆಂದೂ ಸುತ್ತೋಲೆ ಹೊರಟಿತು. ಇದಕ್ಕೆ ಆಧಾರವೇನು ಎಂದು ಬೃಂದಾ ಕೇಳಿದಳು. ಸಮಿತಿಯ ಆರೂ ಸದಸ್ಯರ ಸ್ವಂತ ಅನುಭವವೇ ಆಧಾರ ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಕುಯ್ಯಲು ಪೇಟೆಯ ಅನೀಸ್ ಸಾಬರನ್ನು ಗೊತ್ತುಮಾಡಿದೆವು. ಅವರ ತಾತ ಮುತ್ತಾತರ ಕಾಲದಿಂದ ಆ ಮನೆಯವರ ಕಸುಬು ಅದೇ. ಕೈಪಿಡಿಯ ಸೂಚನೆಯನ್ನು ನಾನು ಅವರಿಗೆ ಕನ್ನಡದಲ್ಲಿ ವಿವರಿಸಿದೆ. ಒಂದು ಕುರಿಯ ಎಲ್ಲ ಅಂಗಗಳಿಂದಲೂ ಸಮನಾಗಿ ಕೊಯ್ದು, ಎಲ್ಲದರ ತುಣುಕೂ ಎಲ್ಲದರಲ್ಲೂ ಇರುವಂತೆ ಹನ್ನೆರಡು ಪಾಲು ಮಾಡಿ ಬೇರೆ ಬೇರೆ ಇಡಬೇಕು, ಎಂದೆ. ಅನೀಸ್ ಸಾಬರು ತಲೆಯಾಡಿಸಿದರು. “ಇದನ್ನ ಹೇಳಿಕೊಡ್ತೀರಾ ಸಾರ್? ಗುಡ್ಡೆ ಹಾಕೋದಲ್ವಾ,” ಎಂದರು. ಹೊಸತೊಡಕಿಗೆ ಊರವರು ಸೇರಿ ಕುರಿ ಕುಯ್ಯಿಸಿ, ಕಲೀಜ, ಗುರ್ದ, ಬೋಟಿ, ತೊಡೆ, ಮೂಳೆ ಎಲ್ಲವನ್ನೂ ಸಮಸಮ ಹಂಚಿ ಗುಡ್ಡೆ ಹಾಕುವ ವಿದ್ಯೆ ಅವರಿಗೆ ಬೆರಳ ತುದಿಯಲ್ಲಿತ್ತು. ತಾರಸಿಯ ಮೇಲೆ ತೆಂಗಿನ ಗರಿ ಹಾಸಿ, ತಕ್ಕಡಿಯನ್ನೇ ಮುಟ್ಟದೆ, ಕಾಲು ಗಂಟೆಯಲ್ಲಿ ಹನ್ನೆರಡು ಗುಡ್ಡೆ ಹಾಕಿದರು. ಗುಡ್ಡೆ ಹನ್ನೆರಡು, ನಾವೂ ಹನ್ನೆರಡು ಜನ. ಒಬ್ಬೊಬ್ಬರೂ ಒಂದೊಂದು ಗುಡ್ಡೆಯ ಮುಂದೆ ಹೋಗಿ ನಿಂತೆವು. ಹಾಗೆ ನಿಲ್ಲಿ ಎಂದು ನಮಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಗುಡ್ಡೆ ಕಂಡರೆ ಅದರ ಮುಂದೆ ಹೋಗಿ ನಿಲ್ಲುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದದ್ದು.

ಮಾದರಿಗಳನ್ನು ಇಡಬೇಕಾದ ಶೀತಲ ಪೆಟ್ಟಿಗೆ ಬಂದಿತ್ತು, ಆದರೆ ಮೆಟ್ಟಿಲಲ್ಲಿ ಹಿಡಿಸಲಿಲ್ಲ. ಅದು ಕೆಳಗೆ ಗೋಡೌನಿನಲ್ಲಿದೆ, ಅದರ ಮೇಲೆ ಕೊಬ್ಬರಿ ಚೀಲ ಪೇರಿಸಿದ್ದಾರೆ. ‘ಮಾದರಿ ಕೆಡಲು ಬಿಡಕೂಡದು’ ಎಂದು ಕೈಪಿಡಿ ಮೂರು ಕಡೆ ಎಚ್ಚರಿಸಿತ್ತು. ಹೊಸದುರ್ಗದ ಮೇ ತಿಂಗಳು, ಮಧ್ಯಾಹ್ನ ಹನ್ನೆರಡಾಗಿತ್ತು. ಡಾಕ್ಟರ್ ಎರ್ರಿಸ್ವಾಮಿಯವರು ಸ್ವಲ್ಪ ಹೊತ್ತು ಯೋಚಿಸಿ, ಆಯಾ ಸಿಬ್ಬಂದಿ ಆಯಾ ಪಾಲನ್ನು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಸಂರಕ್ಷಿಸತಕ್ಕದ್ದು ಎಂದು ಮೌಖಿಕ ಆದೇಶ ನೀಡಿದರು. ಬೃಂದಾ ತನ್ನ ಪಾಲನ್ನು ಸಂರಕ್ಷಿಸಲು ಒಪ್ಪಲಿಲ್ಲ. ಮುಖ್ಯಸ್ಥರು ಅದನ್ನೂ ಹೆಚ್ಚುವರಿ ಪ್ರಭಾರವಾಗಿ ತಾವೇ ವಹಿಸಿಕೊಂಡರು.

ಬೇಯಿಸಿದರೆ ಕಿಣ್ವ ಸಾಯುತ್ತದೆ ಎಂದು ಬೃಂದಾ ಲಿಖಿತ ಆಕ್ಷೇಪಣೆ ಸಲ್ಲಿಸಿದಳು. ಅದು ನ್ಯಾಯವಾದ ಮಾತೇ. ಮುಂದಿನ ತಿಂಗಳಿನಿಂದ ಯಾರೂ ಕುಕ್ಕರನ್ನು ಮೂರು ವಿಷಲಿಗಿಂತ ಹೆಚ್ಚು ಕೂಗಿಸಕೂಡದೆಂದು ಸುತ್ತೋಲೆ ಹೊರಡಿಸಲಾಯಿತು. ಒಣಹುಲ್ಲಿನ ಗುಂಪಿನ ಮಾದರಿ ನಾರುನಾರಾಗಿದೆ, ಸಂರಕ್ಷಣೆಗೆ ಹಲ್ಲು ಸಹಕರಿಸುತ್ತಿಲ್ಲ ಎಂದು ಮೂವರು ಹಿರಿಯ ನೌಕರರು ಅರ್ಜಿ ಕೊಟ್ಟದ್ದರಿಂದ ಉಳಿದ ಒಣಹುಲ್ಲಿನ ಕುರಿಗಳಿಗೂ ಹಿಂಡಿ ಮಂಜೂರಾಯಿತು. ಹೋಲಿಕೆಯ ಕೋಷ್ಟಕದಲ್ಲಿ ಆ ಗುಂಪಿನ ಮುಂದೆ ‘ಗೈರುಹಾಜರು’ ಎಂದು ಬರೆದೆ. ಹೀಗೆ ವರ್ಷ ಕಳೆಯಿತು. ಹೊಸತೊಡಕಿನ ದಿನ ಕೊನೆಯ ಎರಡು ಕುರಿಗಳ ಮಾದರಿಯೂ ಮುಗಿಯಿತು. ಅಂದು ಕಿಣ್ವ ಚಟುವಟಿಕೆ ಅತ್ಯಂತ ಹೆಚ್ಚಾಗಿತ್ತೆಂದು ನಮ್ಮೆಲ್ಲರ ಏಕಾಭಿಪ್ರಾಯ.

ಅದಾದ ಎಂಟನೇ ದಿನಕ್ಕೆ ಕೆಂಚಕ್ಕ ಬಂದಳು. ಕೈಯಲ್ಲಿ ಹನ್ನೆರಡು ಹಗ್ಗ ಹಿಡಿದಿದ್ದಳು. ಡಾಕ್ಟರು ಒಳಕೋಣೆಯ ಬಾಗಿಲು ಹಾಕಿಕೊಂಡರು. ನಾನು ಮೇಜಿನ ಹಿಂದೆ ಸಿಕ್ಕಿಕೊಂಡಿದ್ದೆ.

“ಏನಪ್ಪ, ಮರಿ ಎಲ್ಲವೆ? ವರ್ಷ ಆತಲ್ಲ, ಕರಕಂಡು ಹೋಗಾಣ ಅಂತ ಬಂದೆ,” ಎಂದಳು.

“ಕುಂತ್ಕಳ್ರಿ ಕೆಂಚಕ್ಕ,” ಎಂದು ನಾನು ಮಾದರಿ ವಹಿ ತೆಗೆದೆ.

ಅವಳು ಕೂರಲಿಲ್ಲ. ಬೇರೆ ಯಾವುದನ್ನೂ ಕೇಳುವ ಮೊದಲು ಗೌರಿಯನ್ನು ಕೇಳಿದಳು. ಅದು ತಾಯಿ ಸತ್ತ ಮರಿ, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು, ಎಡಗಿವಿ ಕಪ್ಪು, ಹೆಸರು ಹಿಡಿದು ಕರೆದರೆ ಮಂದೆಯ ಆ ತುದಿಯಿಂದ ಓಡಿಬರುತ್ತಿತ್ತಂತೆ. ವಹಿಯಲ್ಲಿ ಎಡಗಿವಿ ಕಪ್ಪು ಎಂದು ಹನ್ನೊಂದನೇ ನಂಬರಿನ ಮುಂದೆ ಬರೆದಿತ್ತು. ದಿನಾಂಕ ಹೊಸತೊಡಕಿನದು. ಓದಿ ಹೇಳಿದೆ. ಹೊಸತೊಡಕಿನಲ್ಲಿ ಕುರಿಗೆ ಏನಾಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಿಂಗೂ ಬಂತಾ ಪಾಲು?”

“ಬಂತು.”

“ಎಂಗಿತ್ತು?”

ಸರ್ಕಾರಿ ನೌಕರನಾಗಿ ನಾನು ಸುಳ್ಳು ಹೇಳುವಂತಿರಲಿಲ್ಲ. ಚೆನ್ನಾಗಿತ್ತು ಎಂದೆ.

“ಇರ್ತತೆ. ನಾನು ಸಾಕಿದ್ದಲ್ವಾ,” ಎಂದಳು.

ಈ ಟಿಪ್ಪಣಿಯಲ್ಲಿ ನನ್ನ ವೈಯಕ್ತಿಕ ವಿಚಾರಕ್ಕೆ ಜಾಗವಿಲ್ಲ. ಆದರೂ ಅಂದು ನನಗೆ ನಾಚಿಕೆಯಾಯಿತು, ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಸಂಜೆ ಬಿಚ್ಚಿದೆ.

ಕೆಂಚಕ್ಕ ಬೈಯಲಿಲ್ಲ, ಅರ್ಜಿಯನ್ನೂ ಕೊಡಲಿಲ್ಲ. ಮರುದಿನದಿಂದ ತನ್ನ ನಲವತ್ತೆಂಟು ಕುರಿಗಳನ್ನೂ ಹೊಡೆದುಕೊಂಡು ಬಂದು ನಮ್ಮ ಮೆಟ್ಟಿಲ ಬುಡದಲ್ಲಿ ಕೂರತೊಡಗಿದಳು. ಹನ್ನೆರಡು ತಲೆ ಕೊಡಿ, ಹೋಗುತ್ತೇನೆ ಎನ್ನುವುದೊಂದೇ ಮಾತು. ಮಳೆಗೆ ಇನ್ನು ಒಂದೂವರೆ ತಿಂಗಳಿತ್ತು, ಅಷ್ಟರೊಳಗೆ ಅರವತ್ತು ತುಂಬದಿದ್ದರೆ ನಿಂಗಪ್ಪ ಬೇರೆ ಮಂದೆ ಕರೆಸಿಕೊಳ್ಳುತ್ತಿದ್ದ. ಆಮೇಲೆ ಅವಳ ಮನೆಗೆ ವರ್ಷದ ರಾಗಿ ಇಲ್ಲ. ಕುರಿಗಳು ಪೇಟೆಯ ರಸ್ತೆ ತುಂಬಿಕೊಂಡು ಬಸ್ಸುಗಳು ನಿಂತವು. ಒಂದು ಕುರಿ ಗೋಡೌನಿಗೆ ನುಗ್ಗಿ ಕೊಬ್ಬರಿ ತಿಂದಿತು. ಕೊಬ್ಬರಿ ವರ್ತಕರು ಮೇಲಕ್ಕೆ ಬರೆದರು, ಹತ್ತನೇ ದಿನಕ್ಕೆ ಚಿತ್ರದುರ್ಗದಿಂದ ಪರಿಶೀಲನಾಧಿಕಾರಿಗಳು ಬಂದರು.

ಅವರು ಮೊದಲು ಬೃಂದಾಳನ್ನು ಕರೆದು ಒಂದು ವರ್ಷದಲ್ಲಿ ಎಷ್ಟು ಮಾದರಿಗಳ ಕಿಣ್ವ ಅಳೆದಿದ್ದೀರಿ ಎಂದು ಕೇಳಿದರು. ಒಂದೂ ಇಲ್ಲ ಎಂದು ಅವಳು ಹೇಳಿದಳು. ಅಳೆಯುವುದು ಬೇರೆ ವಿಭಾಗದ ವಿಷಯ, ತಾವು ಮಾದರಿ ಎಲ್ಲಿದೆ ಎಂದು ನೋಡಲು ಮಾತ್ರ ಬಂದಿರುವುದಾಗಿ ಅವರು ತಿಳಿಸಿದರು. ಆಗ ಡಾಕ್ಟರ್ ಎರ್ರಿಸ್ವಾಮಿಯವರು ಎದ್ದು ನಿಂತು ವಾದ ಮಂಡಿಸಿದರು. ಕಿಣ್ವಗಳು ಮೂವತ್ತೇಳು ಡಿಗ್ರಿ ಉಷ್ಣತೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಕೈಪಿಡಿಯ ನಾಲ್ಕನೇ ಪುಟ ಹೇಳುತ್ತದೆ. ಹಗಲಿರುಳು, ಕರೆಂಟು ಹೋದರೂ, ಮೂವತ್ತೇಳು ಡಿಗ್ರಿ ಕಾಯ್ದುಕೊಳ್ಳುವ ಉಪಕರಣ ಉಪಕೇಂದ್ರದಲ್ಲಿ ಸಿಬ್ಬಂದಿಯ ಶರೀರ ಬಿಟ್ಟು ಬೇರೊಂದಿಲ್ಲ. ಆದ್ದರಿಂದ ಹನ್ನೆರಡೂ ಕುರಿಗಳ ಅಂಗಾಂಶ ನೌಕರರಲ್ಲಿ ಸುರಕ್ಷಿತವಾಗಿದೆ, ಒಂದು ಗ್ರಾಮೂ ಹೊರಗೆ ಮಾರಾಟವಾಗಿಲ್ಲ, ಎಂದರು. ಕೊನೆಯ ಮಾತು ನಿಜವಾಗಿತ್ತು.

ಪರಿಶೀಲನಾಧಿಕಾರಿಗಳು ಸಾಕ್ಷ್ಯ ಕೇಳಿದರು. ನಮ್ಮನ್ನು ಕುರಿ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿ ಸೇವೆಗೆ ಸೇರಿದ ದಿನದ ತೂಕದೊಂದಿಗೆ ಹೋಲಿಸಲಾಯಿತು. ಹನ್ನೊಂದು ಜನರಿಂದ ನೂರಾ ಹದಿನಾಲ್ಕು ಕೆಜಿ ಹೆಚ್ಚುವರಿ ಸಿಕ್ಕಿತು. ಅದರಲ್ಲಿ ಡಾಕ್ಟರದ್ದೇ ಇಪ್ಪತ್ತೊಂದು. ಸಂಗ್ರಹ ತೃಪ್ತಿಕರವಾಗಿದೆ ಎಂದು ಅವರು ವಹಿಯಲ್ಲಿ ಷರಾ ಬರೆದರು. ನಮಗೆಲ್ಲ ಜೀವ ಬಂತು. ಡಾಕ್ಟರು ಚಹಾ ತರಿಸಿದರು.

ಚಹಾ ಕುಡಿಯುತ್ತಾ ಅಧಿಕಾರಿಗಳು ಕರಾರನ್ನು ತಿರುವಿ ಹಾಕುತ್ತಿದ್ದರು. ಒಂಬತ್ತನೇ ಕಲಮಿಗೆ ಬಂದು ನಿಂತರು. ಎರಡು ಸಲ ಓದಿದರು. ಕೆಳಗೆ ಕುಳಿತಿದ್ದ ಕೆಂಚಕ್ಕನನ್ನು ಕರೆಸಿ, ನಿಮ್ಮ ಕುರಿಗಳು ಲಭ್ಯವಿಲ್ಲ, ಅವುಗಳ ಅಂಗಾಂಶ ಇವರಲ್ಲಿದೆ, ಕರಾರಿನ ಪ್ರಕಾರ ಅದು ಎಲ್ಲೇ ಇದ್ದರೂ ನಿಮ್ಮದು, ಏನು ಮಾಡುತ್ತೀರಿ ಎಂದು ಕೇಳಿದರು. ಕೆಂಚಕ್ಕ ನಮ್ಮನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಹನ್ನೆರಡು ತಲೆ ಆದ್ರೆ ಸಾಕು ಸ್ವಾಮಿ. ಹೊಡ್ಕಂಡು ಹೋಗ್ತೀನಿ.”

ಆದೇಶ ಅಂದೇ ಹೊರಟಿತು. ‘ಉಪಕೇಂದ್ರದ ಹನ್ನೊಂದು ಮಂದಿ ಸಿಬ್ಬಂದಿಯು ಪ್ರತಿದಿನ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮಾಲೀಕರ ಮಂದೆಯಲ್ಲಿ ಹಾಜರಿರತಕ್ಕದ್ದು. ಎರಡು ಪಾಲು ಸಂರಕ್ಷಿಸಿರುವ ಮುಖ್ಯಸ್ಥರನ್ನು ಎರಡು ತಲೆ ಎಂದು ಪರಿಗಣಿಸತಕ್ಕದ್ದು. ಅಂಗಾಂಶವು ತಾಲ್ಲೂಕಿನಿಂದ ಹೊರಹೋಗುವ ಸಂಭವವಿರುವುದರಿಂದ ಸದರಿ ನೌಕರರ ವರ್ಗಾವಣೆಯನ್ನು ನಿಷೇಧಿಸಿದೆ. ರಜೆ ಬೇಕಾದಲ್ಲಿ ಮಾಲೀಕರ ಹೆಬ್ಬೆಟ್ಟು ಕಡ್ಡಾಯ.’ ಕುರಿಗಳಿಗೆ ಹಾಕುವಂಥ ನಂಬರಿನ ಓಲೆಯನ್ನು ನಮ್ಮ ಕಿವಿಗೂ ಹಾಕಿಸಬೇಕೆಂಬ ಅಂಶವೂ ಕರಡಿನಲ್ಲಿತ್ತು. ನೌಕರರ ಸಂಘ ಒಂದು ದಿನ ಕಪ್ಪು ಪಟ್ಟಿ ಧರಿಸಿ ಕೆಲಸ ಮಾಡಿದ ಮೇಲೆ, ಗುರುತಿನ ಚೀಟಿ ಸಾಕೆಂದು ತೀರ್ಮಾನವಾಯಿತು. ಇದು ಸಂಘಕ್ಕೆ ಸಂದ ದೊಡ್ಡ ಜಯ.

ಮೊದಲ ಸಂಜೆ ನಿಂಗಪ್ಪ ಬಲೆಯ ಬಾಯಲ್ಲಿ ನಿಂತು ಒಂದೊಂದಾಗಿ ಎಣಿಸಿ ಒಳಗೆ ಬಿಟ್ಟ. ನಲವತ್ತೆಂಟು ಕುರಿ ಹೋದವು. ಆಮೇಲೆ ನಾವು ಹೋದೆವು. ಐವತ್ತೊಂಬತ್ತಕ್ಕೆ ಅವನ ಎಣಿಕೆ ನಿಂತಿತು, ಒಂದು ತಲೆ ಕಮ್ಮಿ ಐತೆ ಎಂದು ತಕರಾರು ತೆಗೆದ. ನಾನು ಆದೇಶದ ಪ್ರತಿ ತೋರಿಸಿದೆ. ಅವನು ಡಾಕ್ಟರನ್ನು ಒಂದು ಸುತ್ತು ಹಾಕಿ ನೋಡಿ ಒಪ್ಪಿಕೊಂಡ. ಅವನಿಗೆ ಉಳಿದ ಅನುಮಾನ ಒಂದೇ.

“ಅಲ್ಲ ಕೆಂಚಕ್ಕ, ಮಂದೆ ನಿಲ್ಸೋದು ಯಾತಕ್ಕೆ ಅಂತ ಇವ್ರಿಗೆ ಗೊತ್ತೈತಾ?”

“ಗೊತ್ತೈತಪ್ಪ. ಓದಿದೋರು,” ಎಂದಳು ಕೆಂಚಕ್ಕ.

ಡಾಕ್ಟರು ಮಡಚುವ ಮಂಚ ತಂದಿದ್ದರು. ಮಂಚದ ಮೇಲೆ ಮಲಗಿದರೆ ಭೂಮಿಗೆ ಏನೂ ಸೇರುವುದಿಲ್ಲ ಎಂದು ನಿಂಗಪ್ಪ ಆಕ್ಷೇಪಿಸಿದ್ದರಿಂದ ಅದನ್ನು ವಾಪಸು ಕಳಿಸಿದರು. ಮೊದಲ ವಾರ ಅವರು ಬಲೆಯ ಮೂಲೆಯಲ್ಲಿ ಒಬ್ಬರೇ ಮಲಗಿದರು. ಎರಡನೇ ವಾರ, ಬೆಳಗಿನ ಜಾವ ಬೆಚ್ಚಗಿರುತ್ತದೆ ಎಂದು ಎರಡು ಟಗರುಗಳ ಮಧ್ಯೆ ಜಾಗ ಮಾಡಿಕೊಂಡರು. ಭೂಮಿಯ ಸೇವೆಯಲ್ಲಿ ನಮ್ಮಲ್ಲಿ ಯಾರೂ ಹಿಂದೆ ಬೀಳಲಿಲ್ಲ ಎಂದಷ್ಟೇ ಇಲ್ಲಿ ದಾಖಲಿಸುತ್ತೇನೆ. ನಿಂಗಪ್ಪನ ಹೊಲ ಮುಗಿದ ಮೇಲೆ ಇನ್ನೂ ಇಬ್ಬರು ಕರೆದರು. ಮಳೆ ಬೀಳುವ ಹೊತ್ತಿಗೆ ಕೆಂಚಕ್ಕನ ಮನೆಯಲ್ಲಿ ರಾಗಿಯ ಚೀಲಗಳು ಸೂರಿನವರೆಗೆ ಇದ್ದವು. ಅವಳು ನಮಗೂ ಮುದ್ದೆ ಮಾಡಿ ಹಾಕುತ್ತಿದ್ದಳು, ಕುರಿಗಳಿಗೆ ಹಾಕಿದ ಮೇಲೆ.

ಒಂದು ಸಂಜೆ ಮಾತ್ರ ಬಲೆ ಕಟ್ಟುತ್ತಾ, ರೂಢಿಯ ಮೇಲೆ ಇರಬೇಕು, ಗೌರೀ ಎಂದು ಕರೆದಳು. ನಾವು ಹನ್ನೊಂದು ಮಂದಿಯೂ ತಿರುಗಿ ನೋಡಿದೆವು. ಅವಳು ತುಂಬಾ ಹೊತ್ತು ಬಲೆಯ ಗಂಟನ್ನೇ ಬಿಗಿಯುತ್ತಾ ಕುಳಿತಿದ್ದಳು. ಅಂದು ಯಾರಿಗೂ ಮುದ್ದೆ ಸಿಗಲಿಲ್ಲ, ಯಾರೂ ಕೇಳಲೂ ಇಲ್ಲ.

ಅಧ್ಯಯನ ಅಧ್ಯಯನವೇ. ಬೃಂದಾ ನಮ್ಮೆಲ್ಲರ ರಕ್ತ ತೆಗೆದು ಕಿಣ್ವ ಅಳೆದಳು, ಉಪಕೇಂದ್ರದ ಇತಿಹಾಸದಲ್ಲೇ ಮೊದಲ ಅಳತೆ ಅದು. ಮೇವು ಹಾಕಿದಷ್ಟೂ ಚಟುವಟಿಕೆ ಏರುತ್ತದೆ, ಕೆಲಸ ಕೊಟ್ಟರೆ ಇಳಿಯುತ್ತದೆ ಎಂಬ ಫಲಿತಾಂಶ ಬಂತು. ಸರ್ಕಾರ ಅದನ್ನು ಮೆಚ್ಚಿ ಎರಡನೇ ಹಂತವನ್ನು ಹೊಳಲ್ಕೆರೆಗೆ ಮಂಜೂರು ಮಾಡಿತು. ಕುರಿ ಸಾಕುವವರೆಲ್ಲ ತಾವು ಮರಿ ಕೊಡುತ್ತೇವೆಂದು ಸಾಲು ನಿಂತರು. ಅನುಭವ ಇದ್ದವರಿಗೇ ಆದ್ಯತೆ ಎಂಬ ನಿಯಮದಂತೆ ಕೆಂಚಕ್ಕನಿಗೆ ಪತ್ರ ಹೋಯಿತು. ಮೊದಲು ಸಿಬ್ಬಂದಿಯನ್ನು ನೋಡಬೇಕು ಎಂದು ಅವಳು ಷರತ್ತು ಹಾಕಿದಳು. ಅದು ನ್ಯಾಯವೇ ಎಂದು ಹೊಳಲ್ಕೆರೆಯ ಕಚೇರಿ ಒಪ್ಪಿತು.

ಕಡತ ಒಪ್ಪಿಸಲು ನಾನೂ ಜೊತೆಗೆ ಹೋಗಿದ್ದೆ. ಹನ್ನೆರಡು ಮಂದಿ ನೌಕರರು ಇಸ್ತ್ರಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಕೆಂಚಕ್ಕ ಒಬ್ಬೊಬ್ಬರ ಬೆನ್ನಿನ ಮೇಲೆ ಕೈಯಿಟ್ಟು, ಕೊಬ್ಬು ಹಿಡಿದಿದೆಯೋ ಇಲ್ಲವೋ ಎಂದು ಬೆರಳೊತ್ತಿ ನೋಡುತ್ತಾ ಹೋದಳು. ಯಾರೂ ಬೇಸರಿಸಲಿಲ್ಲ. ಅಲ್ಲಿನ ಮುಖ್ಯಸ್ಥರು ತಾವಾಗಿಯೇ ಬಗ್ಗಿದರು. ಮರಿಗಳ ಹೆಸರು, ಗುರುತು ಬರೆಯಲು ನಾನು ವಹಿ ತೆಗೆದಾಗ, ಈ ಸಲ ಯಾವುದಕ್ಕೂ ಹೆಸರಿಟ್ಟಿಲ್ಲ ಎಂದಳು.

ಸಾಲಿನ ಕೊನೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನೊಬ್ಬ ನಿಂತಿದ್ದ. ಸಣಕಲು ಮೈ. ಕೆಂಚಕ್ಕ ಅವನ ಪಕ್ಕೆ ಮುಟ್ಟಿ ನೋಡಿ, ಇವನಿಗೆ ಆರು ತಿಂಗಳು ಚೆನ್ನಾಗಿ ತಿನ್ನಿಸಬೇಕು ಎಂದಳು. ಮುಖ್ಯಸ್ಥರು ಬರೆದುಕೊಂಡರು. ಅವನು ಕೈಮುಗಿದು ತನ್ನ ಹೆಸರು ಹೇಳಲು ಬಾಯಿ ತೆರೆದ.

“ಬ್ಯಾಡಪ್ಪ, ಹೇಳಬ್ಯಾಡ,” ಎಂದಳು ಕೆಂಚಕ್ಕ.

ಅವನು ಹೇಳಲಿಲ್ಲ.